ಪಡಿಯಚ್ಚಿನ ಕೋವಿ: ಜಾನ್ ಹಾಲನ ಬಾಳು

ಯಂತ್ರಯುಗದ ಕಥೆಯನ್ನು ಹೇಳುವ ಪುಸ್ತಕಗಳಲ್ಲಿ ಹಬೆಯಂತ್ರದ ಜೇಮ್ಸ್ ವಾಟನಿಗೂ ಹತ್ತಿಯ ಯಂತ್ರದ ಎಲಿ ವ್ಹಿಟ್ನಿಗೂ ಎತ್ತರದ ಪೀಠ ಮೀಸಲಾಗಿದೆ. ಒಂದು ವಸ್ತುವಿನ ಬಿಡಿಭಾಗಗಳನ್ನೆಲ್ಲ ಒಂದೇ ಅಳತೆಯಲ್ಲಿ ಸಾವಿರಗಟ್ಟಲೆ ತಯಾರಿಸಿ, ಯಾವುದನ್ನು ಬೇಕಾದರೂ ಯಾವುದಕ್ಕೆ ಬೇಕಾದರೂ ಜೋಡಿಸುವ ವಿಧಾನವನ್ನು ಸಹ ವ್ಹಿಟ್ನಿಯ ಹೆಸರಿಗೇ ಬರೆದುಬಿಡುವುದು ವಾಡಿಕೆ. ಈ ವಾಡಿಕೆಗೆ ನಾನು ತಲೆಬಾಗಲಾರೆ. ವ್ಹಿಟ್ನಿಯು ೧೮೦೧ರಲ್ಲಿ ವಾಷಿಂಗ್ಟನ್ನಿನ ದೊಡ್ಡ ಮನುಷ್ಯರ ಮುಂದೆ ಕೋವಿಯ ಕೀಲುಗಳನ್ನು ಜೋಡಿಸಿ ತೋರಿಸಿ ಸೈ ಎನಿಸಿಕೊಂಡನೆಂಬುದು ನಿಜ. ಆದರೆ ಅವನ ಕಾರ್ಖಾನೆಯಿಂದ ಹೊರಬಿದ್ದು ಇಂದಿಗೂ ಉಳಿದಿರುವ ಕೋವಿಗಳನ್ನು ಬಿಚ್ಚಿ ನೋಡಿದವರು, ಒಂದರ ಭಾಗ ಇನ್ನೊಂದಕ್ಕೆ ಕೂಡುವುದಿಲ್ಲವೆಂದು ತೋರಿಸಿಕೊಟ್ಟಿದ್ದಾರೆ. ಮಾತಿನಲ್ಲಿದ್ದುದನ್ನು ಕಬ್ಬಿಣದಲ್ಲಿ ಮಾಡಿ ತೋರಿಸಿದವನು ಬೇರೊಬ್ಬನು. ಅವನೇ ಜಾನ್ ಹ್ಯಾನ್‌ಕಾಕ್ ಹಾಲ್. ಕೋವಿಗಳ ಚರಿತ್ರೆಯನ್ನು ಬಲ್ಲವರಿಗೆ ಇವನ ಹೆಸರು ಚಿರಪರಿಚಿತ. ಕಲಾವಿಭಾಗದ ನಮ್ಮಂಥವರ ಕಿವಿಗೆ ಅದು ಬೀಳುವುದು ಅಪರೂಪ.

ಕೋವಿಯೆಂದರೆ ಕೊಲ್ಲುವ ಸಾಧನ. ಅದನ್ನು ಮಾಡಿದವನ ಕಥೆ ನಮಗೇಕೆ ಎಂದು ಕೆಲವರು ಮೂಗು ಮುರಿಯಬಹುದು. ನಾವು ಹತ್ತುವ ಬಸ್ಸು, ತುಳಿಯುವ ಬೈಸಿಕಲ್ಲು, ಅಮ್ಮನ ಹೊಲಿಗೆಯ ಯಂತ್ರ ಇವೆಲ್ಲ ಹುಟ್ಟಿದ ಬಗೆಯನ್ನು ತಿಳಿಯಬೇಕಾದರೆ ಕೋವಿಯ ಕಾರ್ಖಾನೆಯ ಬಾಗಿಲನ್ನು ದಾಟಿಯೇ ಹೋಗಬೇಕು. ಬೇರೆ ದಾರಿಯಿಲ್ಲ.

ಹಾಲ್ ಹುಟ್ಟಿದ್ದು ೧೭೮೧ರಲ್ಲಿ, ಈಗ ಅಮೆರಿಕದ ಮೇಯ್ನ್ ಸಂಸ್ಥಾನದಲ್ಲಿರುವ ಪೋರ್ಟ್‌ಲೆಂಡಿನಲ್ಲಿ. ಆಗ ಆ ಪ್ರಾಂತ ಮ್ಯಾಸಚೂಸೆಟ್ಸಿಗೆ ಸೇರಿತ್ತು. ತಂದೆ ಹಾರ್ವರ್ಡಿನಲ್ಲಿ ಓದಿದವನು. ಆದರೆ ಮಗ ಹದಿಮೂರರ ಹುಡುಗನಾಗಿದ್ದಾಗಲೇ ಆತನು ತೀರಿಕೊಂಡನು. ಹೀಗಾಗಿ ಜಾನನ ವಿದ್ಯೆ ಪುಸ್ತಕಕ್ಕಿಂತ ಹೆಚ್ಚಾಗಿ ಕೈಗೇ ಹತ್ತಿತು. ಸಮುದ್ರದಂಡೆಯ ಆ ಊರಿನಲ್ಲಿ ಪೀಪಾಯಿಗಳನ್ನು ಕಟ್ಟುವುದು, ಮೇಜು ಪೆಟ್ಟಿಗೆಗಳನ್ನು ಮಾಡುವುದು, ದೋಣಿ ಕಟ್ಟುವುದು ಇವೇ ಅವನ ಕಸುಬುಗಳಾದುವು. ಪೀಪಾಯಿ ಕಟ್ಟುವವನಿಗೆ ಒಂದು ಗುಣ ತಾನಾಗಿ ಬರುತ್ತದೆ. ಹಲಗೆ ಹಲಗೆಗೆ ಕೂಡುವ ಸಂದಿನಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಒಳಗಿನದು ಸೋರಿಹೋಗುತ್ತದೆಂಬುದನ್ನು ಅವನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮುಂದೆ ಹಾಲನ ಬದುಕನ್ನೆಲ್ಲ ಕಾಡಿದ್ದು ಇಂಥದೇ ಒಂದು ಸಂದು.

ಆ ಕಾಲದ ಕೋವಿಯನ್ನು ತುಂಬಬೇಕಾದರೆ ಸಿಪಾಯಿಯು ಅದನ್ನು ನೆಲಕ್ಕೆ ಊರಿ, ನಳಿಗೆಯ ಬಾಯಿಂದ ಮದ್ದು ಸುರಿದು, ಗುಂಡನ್ನಿಟ್ಟು, ಗಜದಿಂದ ಜಡಿಯಬೇಕಾಗಿತ್ತು. ನಳಿಗೆಯೊಳಗೆ ಸುರುಳಿಗೆರೆಗಳಿರುವ ರೈಫಲ್ಲಾದರಂತೂ ಗುಂಡು ಬಿಗಿಯಾಗಿ ಕೂತು, ಜಡಿಯುವಷ್ಟರಲ್ಲಿ ತೋಳು ಸೋಲುತ್ತಿತ್ತು. ಕುದುರೆಯ ಮೇಲಿನ ಸವಾರನ ಪಾಡನ್ನು ಕೇಳುವುದೇ ಬೇಡ. ಒಂದು ಕೈಯಲ್ಲಿ ಲಗಾಮು, ಇನ್ನೊಂದರಲ್ಲಿ ಕೋವಿ. ಗಜವನ್ನು ಹಿಡಿಯಲು ಮೂರನೆಯ ಕೈಯನ್ನು ದೇವರು ಕೊಟ್ಟಿಲ್ಲವಷ್ಟೆ. ಹಾಲ್ ಈ ತೊಡಕಿಗೆ ಒಂದು ಪರಿಹಾರವನ್ನು ಹುಡುಕಿದನು. ನಳಿಗೆಯ ಹಿಂಬದಿಯ ತುಂಡನ್ನೇ ಬೇರೆ ಮಾಡಿ, ಅದನ್ನೊಂದು ಪುಟ್ಟ ಮದ್ದಿನ ಮನೆಯನ್ನಾಗಿಸಿ, ಅದರ ಹಿಂತುದಿಯನ್ನು ಕೀಲಿನ ಮೇಲೆ ಕೂರಿಸಿದನು. ಕೆಳಗಿನ ಕೊಕ್ಕೆಯನ್ನೊತ್ತಿದರೆ ಮದ್ದಿನ ಮನೆಯ ಮುಂದಲೆ ಮೇಲಕ್ಕೇಳುತ್ತದೆ. ಮದ್ದು, ಗುಂಡು ಹಾಕಿ ಅದನ್ನು ಒತ್ತಿ ಕೂರಿಸಿದರೆ ಮುಗಿಯಿತು. ಗಜದ ಹಂಗಿಲ್ಲ, ನಿಂತು, ಕೂತು, ಮಲಗಿ ಹೇಗಾದರೂ ತುಂಬಬಹುದು. ಕೋವಿಯ ಕುದುರೆ ನಡುಮಧ್ಯದಲ್ಲಿದ್ದುದರಿಂದ ಗುರಿನೋಟದ ಕಡ್ಡಿಗಳನ್ನು ಮಾತ್ರ ಎಡಕ್ಕೆ ಸರಿಸಬೇಕಾಯಿತು. ನೋಡುವುದಕ್ಕೆ ಅದೊಂದು ಮೆಳ್ಳೆಗಣ್ಣಿನ ಕೋವಿ!

ಪೇಟೆಂಟಿಗಾಗಿ ಅರ್ಜಿ ಹಾಕಿದಾಗ ಮೊದಲ ಪೆಟ್ಟು ಬಿತ್ತು. ಪೇಟೆಂಟ್ ಕಛೇರಿಯ ಮುಖ್ಯಸ್ಥನಾಗಿದ್ದವನು ವಿಲಿಯಂ ಥಾರ್ನ್‌ಟನ್. ಅಮೆರಿಕದ ಶಾಸನಭವನದ ಮೊದಲ ನಕ್ಷೆಯನ್ನು ಬರೆದ ಪ್ರತಿಭಾಶಾಲಿ ಈತನೇ. ಈ ಯೋಚನೆ ತನಗೆ ಹಿಂದೆಯೇ ಹೊಳೆದಿತ್ತೆಂದು ಅವನು ಹಕ್ಕು ಸಾಧಿಸಿದನು. ಅರ್ಜಿಯನ್ನು ತೂಗಬೇಕಾದವನೇ ಪಾಲುಗಾರನಾಗಿ ಬಂದು ನಿಂತರೆ ದೂರದೂರಿನ ಬಡಗಿ ಏನು ಮಾಡಿಯಾನು? ೧೮೧೧ರ ಮೇ ೨೧ರಂದು ಪೇಟೆಂಟು ಇಬ್ಬರ ಹೆಸರಿನಲ್ಲಿಯೂ ಹೊರಬಿದ್ದಿತು. ಥಾರ್ನ್‌ಟನ್ ಬೇರೆ ವಿಷಯಗಳಲ್ಲಿ ಎಷ್ಟೇ ದೊಡ್ಡವನಾಗಿರಲಿ, ಈ ಒಂದು ಕಾರ್ಯವನ್ನು ಮೆಚ್ಚಲು ನನ್ನ ಮನಸ್ಸು ಒಪ್ಪುವುದಿಲ್ಲ.

೧೮೧೩ರಲ್ಲಿ ಹಾಲ್ ಸ್ಟಟೀರಾ ಪ್ರೆಬಲ್ ಎಂಬವಳನ್ನು ಮದುವೆಯಾದನು. ಕೈಯಲ್ಲಿದ್ದ ಹಣವೆಲ್ಲ ಕೋವಿಗೆ ಸುರಿದುಹೋಗುತ್ತಿದ್ದ ಕಾಲ ಅದು. ೧೮೧೫ರ ಆರಂಭದಲ್ಲಿ ಅವನು ಸೈನ್ಯದ ಶಸ್ತ್ರ ಇಲಾಖೆಗೆ ಒಂದು ಕಾಗದ ಬರೆದನು. ತನ್ನ ಕೋವಿಯ ಪ್ರತಿಯೊಂದು ಭಾಗವನ್ನೂ ಎಷ್ಟು ಸರಿಸಮವಾಗಿ ಮಾಡಬಲ್ಲೆನೆಂದರೆ, ಸಾವಿರ ಕೋವಿಗಳನ್ನು ಬಿಚ್ಚಿ ರಾಶಿ ಹಾಕಿದರೂ ಕೈಗೆ ಸಿಕ್ಕಿದ ತುಂಡುಗಳಿಂದ ಮತ್ತೆ ಸಾವಿರ ಕೋವಿಗಳನ್ನು ಕಟ್ಟಬಹುದೆಂಬುದು ಅದರ ಸಾರ. ನೆನಪಿಡಿ: ಆಗ ಅವನ ಬಳಿ ಅಂಥ ಒಂದು ಯಂತ್ರವೂ ಇರಲಿಲ್ಲ. ಫ್ರಾನ್ಸಿನಲ್ಲಿ ಹೊನೊರೆ ಬ್ಲಾಂ ಎಂಬವನು ಇಂಥ ಪ್ರಯತ್ನ ಮಾಡಿದ್ದನು. ೧೭೮೫ರಲ್ಲಿ ಜೆಫರ್ಸನ್ ಪ್ಯಾರಿಸ್ಸಿನಲ್ಲಿದ್ದಾಗ ಅವನ ಕೆಲಸವನ್ನು ಕಣ್ಣಾರೆ ಕಂಡು ಸ್ವದೇಶಕ್ಕೆ ಬರೆದು ತಿಳಿಸಿದ್ದನು. ಆದರೆ ಬ್ಲಾಂನ ಕೀಲುಗಳು ಬಹುಪಾಲು ಅರದಿಂದ ಉಜ್ಜಿ ಉಜ್ಜಿ ಹೊಂದಿಸಿದವು. ಸಾಮಾನ್ಯ ಕೆಲಸಗಾರರಿಂದ, ಸಾಮಾನ್ಯ ವೇಗದಲ್ಲಿ ಅದು ಸಾಗುವಂಥದಾಗಿರಲಿಲ್ಲ.

೧೮೧೭ರಲ್ಲಿ ನೂರು ರೈಫಲ್ಲುಗಳನ್ನು ಮಾಡಿಸಿ ಸರ್ಕಾರ ಪರೀಕ್ಷಿಸಿತು. ೧೮೧೯ರ ಮಾರ್ಚಿನಲ್ಲಿ ಒಪ್ಪಂದವಾಯಿತು. ಹಾಲ್ ವರ್ಜೀನಿಯದ ಹಾರ್ಪರ್ಸ್ ಫೆರ್ರಿಯಲ್ಲಿದ್ದ ಸರ್ಕಾರದ ಆಯುಧ ಕಾರ್ಖಾನೆಗೆ ಹೋಗಿ ಒಂದು ಸಾವಿರ ರೈಫಲ್ಲುಗಳನ್ನು ತಯಾರಿಸಬೇಕು; ಅವನಿಗೆ ತಿಂಗಳಿಗೆ ೬೦ ಡಾಲರ್ ಸಂಬಳ, ಜೊತೆಗೆ ಕೋವಿಯೊಂದಕ್ಕೆ ಒಂದು ಡಾಲರಿನಂತೆ ಗೌರವಧನ. ಹಾರ್ಪರ್ಸ್ ಫೆರ್ರಿ ಪೊಟೊಮ್ಯಾಕ್ ಮತ್ತು ಶೆನಾಂಡೊವಾ ನದಿಗಳು ಕೂಡುವ ಬೆಟ್ಟದ ಬುಡ. ಶೆನಾಂಡೊವಾ ನದಿಯ ದಂಡೆಯಲ್ಲಿ, ಮುಖ್ಯ ಕಾರ್ಖಾನೆಯಿಂದ ಬೇರೆಯಾಗಿ, ಒಂದು ಹಳೆಯ ಮರ ಕೊಯ್ಯುವ ಗಿರಣಿಯನ್ನು ಅವನ ವಶಕ್ಕೆ ಕೊಟ್ಟರು. ಅಲ್ಲಿಯೇ ಅವನ ಇಪ್ಪತ್ತು ವರ್ಷಗಳು ಕಳೆದುವು.

ಅಲ್ಲಿ ಅವನು ಮಾಡಿದ್ದೇನೆಂಬುದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ಕಥೆಯ ಜೀವ ಅಲ್ಲಿಯೇ ಇದೆ. ನಮ್ಮೂರ ಕಮ್ಮಾರನು ಹತ್ತು ಕುಡುಗೋಲುಗಳನ್ನು ಮಾಡಿದರೆ ಹತ್ತೂ ಒಂದೇ ಜಾತಿಯವು, ಆದರೆ ಹತ್ತೂ ಬೇರೆ ಬೇರೆ. ಪ್ರತಿಯೊಂದಕ್ಕೂ ಅದರದೇ ಹಿಡಿಯನ್ನು ಕೆತ್ತಿ ಕೂರಿಸಬೇಕು. ಕೋವಿಯ ಕಸುಬುದಾರರೂ ಹೀಗೆಯೇ. ಒಂದು ಮಾದರಿಯನ್ನು ಎದುರಿಗಿಟ್ಟುಕೊಂಡು, ಕಣ್ಣಳತೆಯಿಂದಲೂ ಅರದಿಂದಲೂ ತಿದ್ದಿ ತೀಡಿ, ಒಂದು ತುಂಡಿಗೆ ಇನ್ನೊಂದನ್ನು ಹೊಂದಿಸುವರು. ಹಾಗೆ ಮಾಡಿದ ಕೋವಿಯ ಒಂದು ತಿರುಪು ಮುರಿದರೆ ರಣರಂಗದಲ್ಲಿ ಅದು ಬರೀ ದೊಣ್ಣೆ. ಪಕ್ಕದಲ್ಲಿ ಸತ್ತು ಬಿದ್ದವನ ಕೋವಿಯ ತಿರುಪು ಇದಕ್ಕೆ ಹತ್ತುವುದಿಲ್ಲ.

ಹಾಲ್ ಮೊದಲು ಅಳತೆಯನ್ನು ಹಿಡಿದನು. ಒಂದು ರೈಫಲ್ಲಿಗೆ ಅರವತ್ತಮೂರು ಗೇಜುಗಳನ್ನು, ಎಂದರೆ ಅಳತೆಯ ಅಚ್ಚುಗಳನ್ನು ಮಾಡಿಸಿದನು. ಅವುಗಳಲ್ಲಿಯೂ ಮೂರು ಬಗೆ. ಕೆಲಸಗಾರನು ದಿನವೂ ಬಳಸುವ ಗೇಜು ಸವೆಯುತ್ತದೆ. ಅದನ್ನು ಪರೀಕ್ಷಕನ ಗೇಜು ಹಿಡಿದು ತೋರಿಸುತ್ತದೆ. ಅವೆರಡನ್ನೂ ಸರಿನೋಡಲು, ಯಾರೂ ಮುಟ್ಟದಂತೆ ಭದ್ರವಾಗಿಟ್ಟ ಮೂಲ ಗೇಜು. ಸೇರನ್ನು ಅಳೆಯಲು ಇನ್ನೊಂದು ಸೇರು, ಅದನ್ನಳೆಯಲು ಸರ್ಕಾರದ ಮುದ್ರೆಯ ಸೇರು ಇದ್ದಂತೆ ಇದು.

ಎರಡನೆಯ ಉಪಾಯ ಇನ್ನೂ ಸೂಕ್ಷ್ಮವಾದುದು. ಬಡಗಿಯೊಬ್ಬನು ಉದ್ದನೆಯ ತೊಲೆಯ ಮೇಲೆ ಗೇಣಿಗೊಂದರಂತೆ ಗುರುತು ಹಾಕುವನೆನ್ನಿ. ಮೊದಲ ಗುರುತಿನಿಂದ ಎರಡನೆಯದನ್ನು, ಎರಡನೆಯದರಿಂದ ಮೂರನೆಯದನ್ನು ಅಳೆಯುತ್ತ ಹೋದರೆ ಪ್ರತಿಸಲದ ಸಣ್ಣ ತಪ್ಪೂ ಸೇರಿ ಸೇರಿ ಕೊನೆಯಲ್ಲಿ ದೊಡ್ಡದಾಗುತ್ತದೆ. ಎಲ್ಲ ಗುರುತುಗಳನ್ನೂ ತೊಲೆಯ ಒಂದೇ ತುದಿಯಿಂದ ಅಳೆದರೆ ತಪ್ಪು ಕೂಡಿಬರುವುದಿಲ್ಲ. ಹಾಲನು ಕೋವಿಯ ಪ್ರತಿಯೊಂದು ಭಾಗದಲ್ಲಿಯೂ ಇಂಥ ಒಂದು ನೆಲೆಯನ್ನು ಗೊತ್ತುಮಾಡಿದನು. ಆ ಭಾಗವನ್ನು ಯಾವ ಯಂತ್ರಕ್ಕೆ ಕಚ್ಚಿಸಿದರೂ, ಯಾವ ಮಗ್ಗುಲನ್ನು ಕೊರೆದರೂ, ಅಳತೆ ಮಾತ್ರ ಆ ಒಂದೇ ನೆಲೆಯಿಂದ. ಕೇಳಿದರೆ ಇಷ್ಟೇ ಏನು ಎನಿಸುತ್ತದೆ. ಇಂದಿನ ಕಾರ್ಖಾನೆಗಳಲ್ಲಿಯೂ ಎಂಜಿನಿಯರನು ನಕ್ಷೆ ಬರೆಯುವಾಗ ಮೊದಲು ಹುಡುಕುವುದು ಈ ನೆಲೆಯನ್ನೇ.

ಮೂರನೆಯದು ಯಂತ್ರಗಳು. ಹಲ್ಲುಗಳುಳ್ಳ ಉಕ್ಕಿನ ಚಕ್ರಗಳು ತಿರುಗುತ್ತ ಕಬ್ಬಿಣವನ್ನು ಹೆರೆಯುವಂತೆ ಅವನು ಏರ್ಪಡಿಸಿದನು. ನೆಟ್ಟಗೆ ಕೊರೆಯಲು ಒಂದು ಯಂತ್ರ, ಬಾಗಿಸಿ ಕೊರೆಯಲು ಇನ್ನೊಂದು. ಅದುರದಂತೆ ಎರಕದ ಕಬ್ಬಿಣದ ಭಾರಿ ಚೌಕಟ್ಟು. ನೀರಿನ ಚಕ್ರದಿಂದ ತೊಗಲಿನ ಪಟ್ಟಿಗಳ ಮೂಲಕ ಬರುವ ಓಟ. ಈ ಯಂತ್ರಗಳನ್ನು ನಡೆಸಲು ನುರಿತ ಕೋವಿಗಾರನೇ ಆಗಬೇಕಾಗಿರಲಿಲ್ಲ, ಹುಡುಗರೂ ಸಾಕಾಗುತ್ತಿತ್ತು. ಹಾಲನಿಗೆ ಇದು ಹೆಮ್ಮೆಯ ವಿಷಯ. ವರುಷಗಟ್ಟಲೆ ದುಡಿದು ಕೈಚಳಕ ಸಂಪಾದಿಸಿದ ಕಸುಬುದಾರರಿಗೆ ಇದರಲ್ಲಿ ಹೆಮ್ಮೆಪಡುವಂಥದೇನು ಕಂಡಿತು? ಅವರ ಸಂಕಟವನ್ನು ತಳ್ಳಿಹಾಕುವುದು ನನ್ನಿಂದಾಗದು. ನಮ್ಮ ನಾಡಿನ ನೇಕಾರರ ಮನೆಗಳ ಕಥೆಯನ್ನು ಬಲ್ಲ ಯಾರಿಂದಲೂ ಆಗದು.

ಒಪ್ಪಂದದ ಸಾವಿರ ರೈಫಲ್ಲುಗಳು ಮುಗಿಯುವ ಹೊತ್ತಿಗೆ ೧೮೨೪ನೆಯ ಇಸವಿ ಕೊನೆಗೊಳ್ಳುತ್ತಿತ್ತು. ಇಷ್ಟು ವರುಷ, ಇಷ್ಟು ಖರ್ಚು, ಬಂದದ್ದೇನು ಎಂಬ ಗೊಣಗಾಟ ಎದ್ದಿತು. ಮುಖ್ಯ ಕಾರ್ಖಾನೆಯ ಸೂಪರಿಂಟೆಂಡೆಂಟ್ ಜೇಮ್ಸ್ ಸ್ಟಬಲ್‌ಫೀಲ್ಡನಿಗೆ ತನ್ನ ಅಂಗಳದಲ್ಲಿಯೇ ತನ್ನ ಕೈಕೆಳಗಿಲ್ಲದ ಈ ಉತ್ತರದೇಶದವನನ್ನು ಕಂಡರಾಗದು. ಶಸ್ತ್ರ ಇಲಾಖೆಯ ಕರ್ನಲ್ ಬಾಮ್‌ಫರ್ಡ್ ಒಬ್ಬನು ಮಾತ್ರ ಹಾಲನ ಬೆನ್ನಿಗೆ ನಿಂತನು. ಕೊನೆಗೆ ೧೮೨೬ರಲ್ಲಿ ಪರೀಕ್ಷಕರ ಒಂದು ಮಂಡಲಿಯನ್ನು ನೇಮಿಸಿದರು. ಅವರು ಬೇರೆ ಬೇರೆ ಕಾಲದಲ್ಲಿ ತಯಾರಾದ ರೈಫಲ್ಲುಗಳನ್ನು ತರಿಸಿ, ಬಿಚ್ಚಿ, ತುಂಡುಗಳನ್ನು ಕಲಸಿ, ಹೊಸ ಮರದ ಹಿಡಿಗಳ ಮೇಲೆ ಮತ್ತೆ ಜೋಡಿಸಿ ನೋಡಿದರು. ಎಲ್ಲವೂ ಕೂಡಿದುವು. ಅರವನ್ನು ಮುಟ್ಟುವ ಪ್ರಮೇಯವೇ ಬರಲಿಲ್ಲ. ೧೮೨೭ರ ಜನವರಿಯಲ್ಲಿ ಅವರು ಒಪ್ಪಿಸಿದ ವರದಿಯಲ್ಲಿ, ಯಂತ್ರದಿಂದ ಕೋವಿ ಮಾಡುವ ಇಂಥ ಪದ್ಧತಿಯನ್ನು ತಾವು ಬೇರೆಲ್ಲಿಯೂ ಕಂಡಿಲ್ಲವೆಂಬ ಅಭಿಪ್ರಾಯವಿತ್ತು. ಹನ್ನೆರಡು ವರ್ಷಗಳ ಹಿಂದೆ ಕಾಗದದಲ್ಲಿ ಬರೆದುಕೊಟ್ಟ ಮಾತನ್ನು ಹಾಲ್ ಉಳಿಸಿಕೊಂಡಿದ್ದನು.

ಕೋವಿಯೂ ಕಳಪೆಯದಾಗಿರಲಿಲ್ಲ. ಸೇನೆಯ ಒಂದು ಪರೀಕ್ಷೆಯಲ್ಲಿ ಮೂವತ್ತೆಂಟು ಜನ ಸಿಪಾಯಿಗಳು ನೂರು ಗಜ ದೂರದ ಗುರಿಗೆ ಹತ್ತು ನಿಮಿಷ ಗುಂಡು ಹಾರಿಸಿದಾಗ, ಸಾಧಾರಣ ಬಂದೂಕಿನಿಂದ ೮೪೫ ಗುಂಡುಗಳು, ಬಾಯಿಂದ ತುಂಬುವ ರೈಫಲ್ಲಿನಿಂದ ೪೯೪, ಹಾಲನದರಿಂದ ೧೧೯೮ ಗುಂಡುಗಳು ಹಾರಿದುವು. ಗುರಿ ಮುಟ್ಟಿದ್ದೂ ಹಾಲನದೇ ಹೆಚ್ಚು.

ಇಷ್ಟಾದರೂ ಸಂಶಯಕ್ಕೆ ಎಡೆಯಿತ್ತು. ಒಂದೇ ಸೂರಿನಡಿಯಲ್ಲಿ, ಒಬ್ಬನೇ ಯಜಮಾನನ ಕಣ್ಣೆದುರಿನಲ್ಲಿ ಆದುದು ಬೇರೆಡೆ ಆದೀತೇ? ಇಲ್ಲಿ ಸೈಮಿಯನ್ ನಾರ್ತ್ ಎಂಬ ಹಿರಿಯನು ಕಥೆಯೊಳಕ್ಕೆ ಬರುತ್ತಾನೆ. ಕನೆಕ್ಟಿಕಟ್ಟಿನ ಮಿಡಲ್‌ಟೌನಿನಲ್ಲಿ ಪಿಸ್ತೂಲುಗಳನ್ನು ಮಾಡುತ್ತಿದ್ದ ಈತನೂ ಒಂದೇ ಅಳತೆಯ ಭಾಗಗಳಿಗಾಗಿ ಬಹುಕಾಲ ಹೆಣಗಿದ್ದವನು. ೧೮೨೮ರ ಡಿಸೆಂಬರಿನಲ್ಲಿ, ತನ್ನ ಅರವತ್ತಮೂರನೆಯ ವಯಸ್ಸಿನಲ್ಲಿ, ೫೦೦೦ ಹಾಲ್ ರೈಫಲ್ಲುಗಳನ್ನು ಮಾಡಿಕೊಡಲು ಈತನು ಒಪ್ಪಿಕೊಂಡನು. ಷರತ್ತು ಒಂದೇ: ಇವನ ಕೋವಿಯ ಭಾಗಗಳು ಹಾರ್ಪರ್ಸ್ ಫೆರ್ರಿಯ ಕೋವಿಗೂ, ಅಲ್ಲಿಯವು ಇವನದಕ್ಕೂ ಹತ್ತಬೇಕು. ಎರಡು ಊರುಗಳ ನಡುವೆ ಸುಮಾರು ೩೦೦ ಮೈಲಿ. ನಕ್ಷೆಯನ್ನು ಕಳಿಸಿದರೆ ಸಾಲದು, ಮಾದರಿಯ ಕೋವಿಯನ್ನು ಕಳಿಸಿದರೂ ಸಾಲದು. ಗೇಜುಗಳ ತದ್ರೂಪು ಪ್ರತಿಗಳೇ ಹೋಗಬೇಕು. ಆ ಪ್ರತಿಯಲ್ಲಿಯೇ ಕೂದಲೆಳೆಯ ವ್ಯತ್ಯಾಸವಿದ್ದರೆ ಸಾವಿರಾರು ಕೋವಿಗಳಲ್ಲಿ ಅದೇ ವ್ಯತ್ಯಾಸ! ಈ ಗೇಜುಗಳ ವಿಚಾರದಲ್ಲಿ ಸಾಕಷ್ಟು ಕೊಸರಾಟವಾಯಿತು. ಆರು ವರ್ಷಗಳ ಪಾಡು ಬಿದ್ದು, ೧೮೩೪ರಲ್ಲಿ ಎರಡೂ ಕಡೆಯ ಭಾಗಗಳು ಒಂದಕ್ಕೊಂದು ಕೂಡಿಬಂದುವು. ಪರಸ್ಪರ ಮುಖ ನೋಡದ ಎರಡು ಗುಂಪಿನ ಕೆಲಸಗಾರರು ಒಂದೇ ಕೋವಿಯನ್ನು ಮಾಡಿದ್ದರು. ಪಡಿಯಚ್ಚು ಎಂಬ ಮಾತಿಗೆ ಇದಕ್ಕಿಂತ ನಿಜವಾದ ಅರ್ಥವನ್ನು ನಾನು ಕಾಣೆ. ಹಾಲನ ಬಾಳಿನ ಶಿಖರ ೧೮೨೭ರ ವರದಿಯೆಂದು ಹಲವರು ಬರೆಯುತ್ತಾರೆ. ನನಗೆ ೧೮೩೪ರ ಈ ಘಟನೆಯೇ ದೊಡ್ಡದೆನಿಸುತ್ತದೆ.

ಈ ನಡುವೆ ೧೮೩೩ರಲ್ಲಿ ಅಮೆರಿಕದ ಸೈನ್ಯಕ್ಕೆ ಡ್ರಗೂನರೆಂಬ ಹೊಸ ಅಶ್ವದಳ ಸೇರಿತು. ಪಶ್ಚಿಮದ ಬಯಲುಗಳಲ್ಲಿ ಅಲೆಯಬೇಕಾದ ಈ ಸವಾರರಿಗೆ ಗಿಡ್ಡ ನಳಿಗೆಯ ಕೋವಿ, ಎಂದರೆ ಕಾರ್ಬೈನು ಬೇಕಾಯಿತು. ಹಾಲನ ಮಾದರಿಯಲ್ಲಿ ನಾರ್ತನ ಕಾರ್ಖಾನೆಯೇ ಅದನ್ನು ಮಾಡಿತು. ಚಕಮಕಿಯ ಕಲ್ಲಿನ ಬದಲು ಕೇಪಿಟ್ಟು ಸಿಡಿಸುವ ಕೋವಿಯನ್ನು ಅಮೆರಿಕದ ಸೈನ್ಯ ಕೈಗೆತ್ತಿಕೊಂಡದ್ದು ಇದೇ ಮೊದಲು. ನಳಿಗೆಯ ಕೆಳಗೆ ಗಜವಿರುವ ಜಾಗದಲ್ಲಿ ಸರಿದು ಹೊರಬರುವ ಒಂದು ಉದ್ದನೆಯ ಈಟಿಯಿತ್ತು. ಪೀಪಾಯಿ ಕಟ್ಟುವವನ ಕನಸು ಕೊನೆಗೂ ಕುದುರೆ ಏರಿತು.

ಆದರೆ ಆ ಸಂದು! ಮದ್ದಿನ ಮನೆ ಏಳಬೇಕಾದರೆ ಅದಕ್ಕೂ ನಳಿಗೆಗೂ ನಡುವೆ ಕಿಂಚಿತ್ ಎಡೆ ಇರಲೇಬೇಕು. ಎಡೆ ತೀರ ಕಿರಿದಾದರೆ ಮದ್ದಿನ ಮಸಿ ಕಟ್ಟಿ ಮನೆ ಏಳದು. ಹಿರಿದಾದರೆ ಉರಿ ಮತ್ತು ಹೊಗೆ ಸವಾರನ ಮುಖದ ಹತ್ತಿರವೇ ನುಗ್ಗಿಬರುತ್ತವೆ. ಎಷ್ಟು ಕರಾರುವಾಕ್ಕಾಗಿ ಮಾಡಿದರೂ ಬಳಸಿ ಬಳಸಿ ಎಡೆ ಹಿಗ್ಗುತ್ತಿತ್ತು. ಅಳತೆಯ ಶುದ್ಧಿಯೊಂದರಿಂದಲೇ ಗೆಲ್ಲಲಾಗದ ತೊಡಕು ಇದು. ಉರಿಯನ್ನು ತಡೆಯುವ ಲೋಹದ ತೋಟಾ ಬಳಕೆಗೆ ಬಂದ ಮೇಲೆಯೇ ಹಿಂಬದಿಯಿಂದ ತುಂಬುವ ಕೋವಿಗಳ ಈ ಕಾಟ ತಪ್ಪಿದ್ದು. ಹಾಲನ ಆಯುಷ್ಯ ಅಷ್ಟು ದೂರ ಹೋಗಲಿಲ್ಲ. ಸಿಪಾಯಿಗಳು ಬೈದುಕೊಂಡರು, ಅವರಲ್ಲಿಯೇ ಜಾಣರಾದವರು ಅದಕ್ಕೆ ಇನ್ನೊಂದು ಉಪಯೋಗವನ್ನೂ ಕಂಡುಕೊಂಡರು. ಮದ್ದಿನ ಮನೆಯಲ್ಲಿಯೇ ಕುದುರೆ, ಕೀಲು ಎಲ್ಲವೂ ಇದ್ದುದರಿಂದ ಅದನ್ನು ಕಳಚಿ ಜೇಬಿನಲ್ಲಿಟ್ಟರೆ ಅದೊಂದು ಗಿಡ್ಡ ಪಿಸ್ತೂಲು! ೧೮೪೬ರಿಂದ ನಡೆದ ಮೆಕ್ಸಿಕೋ ಯುದ್ಧದ ಕಾಲದಲ್ಲಿ ರಾತ್ರಿ ಪೇಟೆಯ ಕುಣಿತದ ಮನೆಗಳಿಗೆ ಹೋಗುವಾಗ ಕೆಲವರು ಇದನ್ನು ಜೇಬಿನಲ್ಲಿಟ್ಟುಕೊಂಡು ಹೋಗುತ್ತಿದ್ದರಂತೆ. ಹಾಲ್ ಇದನ್ನು ಕೇಳಿದ್ದರೆ ನಗುತ್ತಿದ್ದನೋ ಸಿಟ್ಟಾಗುತ್ತಿದ್ದನೋ.

ಹಾರ್ಪರ್ಸ್ ಫೆರ್ರಿಯ ಜೀವನ ಶಾಂತಿಯದಾಗಿರಲಿಲ್ಲ. ೧೮೨೯ರಲ್ಲಿ ಸ್ಟಬಲ್‌ಫೀಲ್ಡ್ ಕೆಲಸ ಬಿಟ್ಟನು. ಅವನ ಜಾಗಕ್ಕೆ ಬಂದು ಶಿಸ್ತನ್ನು ತರಲು ಹೊರಟ ಥಾಮಸ್ ಡನ್ ಎಂಬವನನ್ನು ೧೮೩೦ರ ಜನವರಿಯಲ್ಲಿ, ಕೆಲಸ ಕಳೆದುಕೊಂಡ ಒಬ್ಬ ಕೋವಿಗಾರನು ಕಛೇರಿಯಲ್ಲಿಯೇ ಗುಂಡಿಟ್ಟು ಕೊಂದನು. ಇಂಥ ಊರಿನಲ್ಲಿ ಹಾಲ್ ಒಬ್ಬ ಪರಕೀಯನಂತೆಯೇ ಉಳಿದನು. ಅವನ ಸ್ವಭಾವವೂ ಸುಲಭದ್ದಲ್ಲ. ತನ್ನ ಯಂತ್ರಗಳ ಬಗ್ಗೆ ಅವನಿಗೆ ತಾಯಿಗೆ ಮಗುವಿನ ಮೇಲಿರುವ ಮೋಹ. ಯಾರಾದರೂ ಕೈಯಿಟ್ಟರೆ ಸಹಿಸಲಾರನು. ಸರ್ಕಾರ ಅವನಿಂದ ಪಡೆದುದಕ್ಕೆ ಸರಿಯಾದ ಬೆಲೆ ಕೊಟ್ಟಿತೆಂದು ನಾನು ಹೇಳಲಾರೆ. ಒಂದು ಡಾಲರಿನ ಗೌರವಧನ ಸಂದದ್ದು ಕೋವಿಗೆ. ಕೋವಿಗಿಂತ ಬೆಲೆಬಾಳುವ ಆ ಯಂತ್ರಗಳು, ಗೇಜುಗಳು, ಅಳತೆಯ ಪದ್ಧತಿ ಇವೆಲ್ಲ ಕಾರ್ಖಾನೆಯಿಂದ ಕಾರ್ಖಾನೆಗೆ, ಕೆಲಸಗಾರರ ತಲೆಯಲ್ಲಿಯೇ ಕುಳಿತು ಪ್ರಯಾಣ ಮಾಡಿದುವು. ೧೮೪೨ರ ಮಾದರಿಯ ಬಂದೂಕನ್ನು ಸ್ಪ್ರಿಂಗ್‌ಫೀಲ್ಡ್ ಮತ್ತು ಹಾರ್ಪರ್ಸ್ ಫೆರ್ರಿಗಳೆರಡರಲ್ಲಿಯೂ ಬದಲಾಯಿಸಿಕೊಳ್ಳಬಹುದಾದ ಭಾಗಗಳಿಂದಲೇ ಕಟ್ಟಿದರು. ೧೮೫೫ರಲ್ಲಿ ಹಾರ್ಪರ್ಸ್ ಫೆರ್ರಿಯಲ್ಲಿ ಪಳಗಿದ್ದ ಜೇಮ್ಸ್ ಬರ್ಟನ್ ಇಂಗ್ಲೆಂಡಿಗೆ ಹೋಗಿ ಎನ್‌ಫೀಲ್ಡ್ ಕಾರ್ಖಾನೆಯ ಮುಖ್ಯ ಎಂಜಿನಿಯರನಾದನು.

ಹಾಲನಿಗೆ ಇದಾವುದನ್ನೂ ನೋಡುವ ಯೋಗವಿರಲಿಲ್ಲ. ಆರೋಗ್ಯ ಕೆಟ್ಟು ೧೮೪೦ರಲ್ಲಿ ಅವನು ಹಾರ್ಪರ್ಸ್ ಫೆರ್ರಿಯನ್ನು ಬಿಟ್ಟು ಪಶ್ಚಿಮದ ಮಿಸೂರಿ ಸಂಸ್ಥಾನಕ್ಕೆ ಹೋದನು. ಮರುವರ್ಷ, ೧೮೪೧ರ ಫೆಬ್ರವರಿ ೨೬ರಂದು ಅಲ್ಲಿಯೇ ತೀರಿಕೊಂಡನು. ಅವನಿಗೆ ಅರವತ್ತು ವಯಸ್ಸು. ಅವನಿದ್ದ ದಂಡೆಯ ಹಳೆಯ ಕಟ್ಟಡಗಳನ್ನು ಕೆಡವಿ ಬೇರೆ ಮಾದರಿಯ ರೈಫಲ್ಲಿಗಾಗಿ ಹೊಸ ಕಾರ್ಖಾನೆಯನ್ನು ಕಟ್ಟಿದರು. ಜನ ಮಾತ್ರ ಅದನ್ನು ಹಾಲನ ರೈಫಲ್ ಕಾರ್ಖಾನೆಯೆಂದೇ ಕರೆಯುತ್ತಿದ್ದರು. ೧೮೫೯ರ ಅಕ್ಟೋಬರಿನಲ್ಲಿ ಗುಲಾಮರ ಬಿಡುಗಡೆಗಾಗಿ ಜಾನ್ ಬ್ರೌನ್ ಹಾರ್ಪರ್ಸ್ ಫೆರ್ರಿಯ ಮೇಲೆ ದಾಳಿ ಮಾಡಿದಾಗ ಅವನ ಕಡೆಯವರು ಹಿಡಿದ ಜಾಗಗಳಲ್ಲಿ ಇದೂ ಒಂದು. ಅಲ್ಲಿದ್ದ ಅವನ ಬಲಗೈಯಂತಿದ್ದ ಕಾಗಿ ನದಿಯಲ್ಲಿ ತಪ್ಪಿಸಿಕೊಳ್ಳಲು ಹೋಗಿ ಗುಂಡಿಗೆ ಬಲಿಯಾದನು.

ಅಮೆರಿಕದ ಅಂತರ್ಯುದ್ಧ ೧೮೬೧ರಲ್ಲಿ ಆರಂಭವಾದಾಗ ಕೋವಿಗಳಿಗೆ ಬರ ಬಂದಿತು. ಸರ್ಕಾರದ ಉಗ್ರಾಣದಲ್ಲಿ ಹಳತೆಂದು ಮೂಲೆಗೆ ಬಿದ್ದಿದ್ದ ೫೦೦೦ ಹಾಲ್ ಕಾರ್ಬೈನುಗಳನ್ನು ಒಬ್ಬ ವ್ಯಾಪಾರಿ ತಲಾ ಮೂರೂವರೆ ಡಾಲರಿಗೆ ಕೊಂಡನು. ಅವನಿಂದ ಇನ್ನೊಬ್ಬನು ಹನ್ನೆರಡೂವರೆಗೆ ಕೊಂಡನು. ಅಲ್ಪಸ್ವಲ್ಪ ತಿದ್ದಿ, ಅವನ್ನು ಮತ್ತೆ ಅದೇ ಸರ್ಕಾರದ ಸೇನಾಪತಿ ಫ್ರೀಮಾಂಟನಿಗೆ ಇಪ್ಪತ್ತೆರಡು ಡಾಲರಿನಂತೆ ಮಾರಿದರು. ವ್ಯವಹಾರಕ್ಕೆ ೨೦೦೦೦ ಡಾಲರ್ ಸಾಲ ಕೊಟ್ಟವನು ಮುಂದೆ ಜಗತ್ಪ್ರಸಿದ್ಧನಾದ ಬ್ಯಾಂಕಿನ ಧಣಿ ಜೆ. ಪಿ. ಮಾರ್ಗನ್. ಕಾಂಗ್ರೆಸ್ಸು ವಿಚಾರಣೆ ನಡೆಸಿತು, ಪತ್ರಿಕೆಗಳು ಕೂಗಾಡಿದುವು. ಹಾಲನ ಹೆಸರು ಬದುಕಿನಲ್ಲಿ ಪಡೆಯದಷ್ಟು ಪ್ರಚಾರವನ್ನು ಆಗ ಪಡೆಯಿತು, ಅದೂ ಒಂದು ಹಗರಣದ ಹೆಸರಾಗಿ.

ಆ ಕಾರ್ಬೈನುಗಳನ್ನು ಫ್ರೀಮಾಂಟ್ ತರಿಸಿಕೊಂಡದ್ದು ಮಿಸೂರಿ ಸಂಸ್ಥಾನದ ಸೇಂಟ್ ಲೂಯಿಗೆ. ಆ ವರ್ಷ ಅಲ್ಲಿ ರಚಿತವಾದ ತಾತ್ಕಾಲಿಕ ಸರ್ಕಾರದಲ್ಲಿ ಉಪರಾಜ್ಯಪಾಲನಾಗಿದ್ದವನು ವಿಲ್ಲರ್ಡ್ ಪ್ರೆಬಲ್ ಹಾಲ್, ೧೮೨೦ರಲ್ಲಿ ಹಾರ್ಪರ್ಸ್ ಫೆರ್ರಿಯಲ್ಲಿ ಹುಟ್ಟಿದ ಜಾನ್ ಹಾಲನ ಮಗ. ಅಪ್ಪನ ಮರಣವಾಗಿ ಇಪ್ಪತ್ತು ವರ್ಷ ಕಳೆದಿತ್ತು. ಪೆಟ್ಟಿಗೆಗಳು ಬಂದಿಳಿದುವು, ಸವಾರರು ಕೋವಿಗಳನ್ನು ಹೆಗಲಿಗೇರಿಸಿಕೊಂಡು ಹೊರಟರು.